ಬೇಸಿಗೆಯ ಹಿಮಾಲಯ: ಬೆನ್ನುಚೀಲ ಹೊತ್ತು ಹೊರಡುವವರಿಗೆ ಕೆಲವು ತಿಳಿವಳಿಕೆಯ ಮಾತುಗಳು

ಮಹಾಶಿವರಾತ್ರಿಯಂದು ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಕೇದಾರನಾಥ ಸನ್ನಿಧಿಯ ಬಾಗಿಲು ತೆರೆಯುವ ದಿನ ನಿಶ್ಚಯವಾಗುತ್ತದೆ. ಆ ವಾರ್ತೆ ಹೊರಬಿದ್ದ ಮರುದಿನದಿಂದಲೇ ಶ್ರೀಮಠದ ಕಾರ್ಯಾಲಯಕ್ಕೆ ಭಕ್ತರಿಂದ ದೂರವಾಣಿ ಕರೆಗಳು ಬರತೊಡಗುತ್ತವೆ. ಕೇದಾರದೊಂದಿಗೆ ನಮ್ಮ ಸಮಾಜಕ್ಕಿರುವ ಸಂಬಂಧ ಇಂದು ನಿನ್ನೆಯದಲ್ಲ. ಅಲ್ಲಿಯ ರಾವಲರು ಪರಂಪರೆಯಿಂದ ವೀರಶೈವ ಜಂಗಮರು. ದಕ್ಷಿಣದಿಂದ, ವಿಶೇಷವಾಗಿ ಕನ್ನಡ ನಾಡಿನಿಂದ ಹೋಗಿ ಆ ಹೊಣೆಯನ್ನು ಹೊತ್ತವರು. ಆದುದರಿಂದ ಏಪ್ರಿಲ್ ಕೊನೆಗೋ ಮೇ ಮೊದಲ ದಿನಗಳಲ್ಲೋ ಬಾಗಿಲು ತೆರೆಯಿತೆಂದರೆ ನಮ್ಮ ಜಿಲ್ಲೆಗಳಿಂದ ಯಾತ್ರಿಕರು ಸಾಲುಗಟ್ಟಿ ಹೊರಡುವುದು ಸಹಜವೇ ಆಗಿದೆ. ಈಚಿನ ವರ್ಷಗಳಲ್ಲಿ ಇವರ ಜೊತೆಗೆ ಇನ್ನೊಂದು ವರ್ಗವೂ ಸೇರಿದೆ. ಭಕ್ತರ ಮನೆಗಳ ತರುಣ ತರುಣಿಯರು ಬೇಸಿಗೆ ರಜೆಯಲ್ಲಿ ಬೆನ್ನುಚೀಲ ಹೊತ್ತು ತುಂಗನಾಥ, ಮದ್ಮಹೇಶ್ವರ, ರುದ್ರನಾಥಗಳ ಕಡೆಗೆ, ಅದಕ್ಕೂ ಮೇಲಿನ ಹಿಮದ ಕಣಿವೆಗಳಿಗೆ ಚಾರಣ ಹೋಗುತ್ತಿದ್ದಾರೆ.

ಕ್ಷೇತ್ರದ ಮಹಿಮೆಯನ್ನು ಬಲ್ಲವರು ಹೇಳಿದ್ದಾರೆ, ಹೇಳುತ್ತಿದ್ದಾರೆ. ಈ ಲೇಖನದ ಉದ್ದೇಶ ಬೇರೆ. ಮೇ, ಜೂನ್ ತಿಂಗಳುಗಳಲ್ಲಿ ಹಿಮಾಲಯದ ಎತ್ತರದಲ್ಲಿ ಹಿಮ ಹೇಗೆ ವರ್ತಿಸುತ್ತದೆ, ಮನುಷ್ಯನ ದೇಹ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಸುವುದಷ್ಟೇ ಇಲ್ಲಿಯ ಕೆಲಸ. ಇದನ್ನು ಬರೆಯಲು ಕಾರಣವೂ ಇದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಸರೋವರಕ್ಕೆ ಹೋಗಿದ್ದ 22 ಜನರ ತಂಡವೊಂದು ಮರಳುವ ದಾರಿಯಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿತು. ಅವರಲ್ಲಿ ಬಹುಪಾಲು ಕರ್ನಾಟಕದವರು. 9 ಮಂದಿ ತೀರಿಕೊಂಡರು, 13 ಮಂದಿಯನ್ನು ರಕ್ಷಿಸಲಾಯಿತು. ರಕ್ಷಣಾಕಾರ್ಯವನ್ನು ನೋಡಿಕೊಳ್ಳಲು ರಾಜ್ಯದ ಕಂದಾಯ ಸಚಿವರು ದೆಹರಾದೂನಿಗೇ ಧಾವಿಸಬೇಕಾಯಿತು. ತಂಡದಲ್ಲಿ ಪರ್ವತದ ಅನುಭವವುಳ್ಳವರೂ ಇದ್ದರು. ನಮ್ಮಲ್ಲಿ ಮುಂಗಾರಿಗಾಗಿ ಆಕಾಶ ನೋಡುವ ಆ ಜೂನ್ ತಿಂಗಳಲ್ಲಿ ಚಳಿಯಿಂದ ಮನುಷ್ಯರು ಸಾಯುವುದುಂಟೇ ಎಂದು ಅಂದು ಅನೇಕ ಹಿರಿಯರು ಕೇಳಿದರು. ಉಂಟು. ಹೇಗೆ ಎಂಬುದನ್ನು ಬಿಡಿಸಿ ನೋಡೋಣ.

ಮೊದಲು ಎತ್ತರದ ಲೆಕ್ಕ. ನಮ್ಮ ರಾಜ್ಯದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ. ಎತ್ತರ ಸುಮಾರು 1,930 ಮೀಟರ್. ಕೇದಾರದ ಕಾಲ್ನಡಿಗೆ ಆರಂಭವಾಗುವ ಗೌರೀಕುಂಡದ ಎತ್ತರ ಸುಮಾರು 1,980 ಮೀಟರ್. ಅಂದರೆ ನಮ್ಮ ನಾಡಿನ ಬೆಟ್ಟಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದ ಮೇಲೆ ಕೇದಾರದ ದಾರಿ ಮೊದಲಾಗುತ್ತದೆ. ಕುಮಾರಪರ್ವತವನ್ನು ಹತ್ತಿಳಿದ ಕಾಲುಗಳ ಬಲ ಅಲ್ಲಿ ಉಪಯೋಗಕ್ಕೆ ಬರುವುದು ನಿಜ; ಆದರೆ ಎತ್ತರದ ಅನುಭವ ಎಂಬುದು ಅದರಿಂದ ಬರುವುದಿಲ್ಲ. ಕೇದಾರ ಸನ್ನಿಧಿ ಇರುವುದು 3,583 ಮೀಟರ್ ಎತ್ತರದಲ್ಲಿ. ತುಂಗನಾಥ ಅದಕ್ಕಿಂತಲೂ ಸ್ವಲ್ಪ ಮೇಲೆ. ಅದರ ನೆತ್ತಿಯ ಚಂದ್ರಶಿಲೆ ಸುಮಾರು 4,000 ಮೀಟರ್.

ಪ್ರತಿ 1,000 ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಹರಿದ್ವಾರದಲ್ಲಿ 38 ಡಿಗ್ರಿಯ ಬಿಸಿಲಿದ್ದಾಗ ಕೇದಾರದಲ್ಲಿ ನಡುಹಗಲಿಗೇ 17 ಡಿಗ್ರಿ ಇದ್ದೀತು. ರಾತ್ರಿ ಸೊನ್ನೆಯ ಆಸುಪಾಸಿಗೆ ಬರುತ್ತದೆ. ಇದರ ಮೇಲೆ ಗಾಳಿ ಬೀಸಿದರೆ ಲೆಕ್ಕ ಬೇರೆಯಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಗಾಳಿ ಬೀಸಿದಾಗ ತೆರೆದ ಚರ್ಮಕ್ಕೆ ಆಗುವ ಅನುಭವ ಸೊನ್ನೆಗಿಂತ 8 ಡಿಗ್ರಿ ಕೆಳಗಿನದು. ಮೈಮೇಲಿನ ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು.

ಇಲ್ಲೊಂದು ಭಾಷೆಯ ಮಾತು ಹೇಳದೆ ಮುಂದೆ ಹೋಗಲಾರೆ. ಹಿಮವನ್ನು ಕುರಿತು ಮಾತನಾಡಲು ಕನ್ನಡದಲ್ಲಿ ಬೇಕಾದಷ್ಟು ಪದಗಳಿಲ್ಲ. ಅದು ನಮ್ಮ ನೆಲದ ವಸ್ತುವಲ್ಲವಷ್ಟೆ. ಕೊಡಗಿನ ಬೆಳಗಿನ ಮಂಜಿಗೂ ಕೇದಾರದ ಹಿಮಕ್ಕೂ ನಾವು ಒಂದೇ ‘ಮಂಜು’ ಎಂಬ ಮಾತನ್ನು ಬಳಸುತ್ತೇವೆ. ಮೊದಲನೆಯದು ಬಿಸಿಲೇರಿದಾಗ ಕರಗಿ ಮಾಯವಾಗಿ ದಾರಿಯನ್ನು ತೆರೆದುಕೊಡುತ್ತದೆ. ಎರಡನೆಯದು ಬಿಸಿಲೇರಿದಂತೆ ಹೆಚ್ಚು ಅಪಾಯಕಾರಿಯಾಗುತ್ತ ಹೋಗುತ್ತದೆ. ಒಂದೇ ಪದ ಎರಡು ವಿರುದ್ಧ ಸ್ವಭಾವಗಳನ್ನು ಮುಚ್ಚಿಬಿಡುವುದರಿಂದ, ‘ಹೊತ್ತೇರಲಿ, ಮಂಜು ಕರಗಲಿ, ಆಮೇಲೆ ಹೊರಡೋಣ’ ಎಂದು ಹೇಳುವವರನ್ನು ಕಾಣುತ್ತೇವೆ. ಹಿಮದ ಬೆಟ್ಟದಲ್ಲಿ ಇದಕ್ಕಿಂತ ತಪ್ಪಾದ ಸಲಹೆ ಇಲ್ಲ.

ಬೇಸಿಗೆಯ ಆರಂಭದ ಹಿಮ ಹೊಸದಾಗಿ ಬಿದ್ದುದಲ್ಲ. ಚಳಿಗಾಲವೆಲ್ಲ ಬಿದ್ದು ಕುಳಿತದ್ದು. ಹಗಲಿನ ಬಿಸಿಲಿಗೆ ಅದರ ಮೇಲ್ಪದರ ಕರಗಿ ನೀರು ಒಳಕ್ಕಿಳಿಯುತ್ತದೆ. ರಾತ್ರಿ ಆಕಾಶ ನಿರ್ಮಲವಾಗಿದ್ದರೆ ನೆಲದ ಶಾಖವೆಲ್ಲ ಮೇಲಕ್ಕೆ ಹೊರಟುಹೋಗಿ ಆ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನದಿನವೂ ಕರಗಿ, ದಿನದಿನವೂ ಹೆಪ್ಪುಗಟ್ಟಿದ ಹಿಮ ಸೂರ್ಯೋದಯದ ವೇಳೆಗೆ ಗಾರೆಯ ನೆಲದಂತೆ ಬಿರುಸಾಗಿರುತ್ತದೆ. ಸಮತಟ್ಟಾದ ಜಾಗದಲ್ಲಿ ಅದರ ಮೇಲೆ ನಡೆಯುವುದು ಸುಲಭ. ಇಳಿಜಾರಿನಲ್ಲಿ ಕಾಲು ಜಾರಿದರೆ ಮಾತ್ರ ತಡೆಯುವುದಕ್ಕೆ ಏನೂ ಇರುವುದಿಲ್ಲ. ಅದಕ್ಕಾಗಿಯೇ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಉಕ್ಕಿನ ಹಲ್ಲುಗಳು, ಅಂದರೆ ಮೈಕ್ರೋಸ್ಪೈಕ್, ಬೇಕಾಗುವುದು. ಬೆಳಗಿನ ಎಂಟು ಒಂಬತ್ತರ ಹೊತ್ತಿಗೆ ಮೇಲಿನ ಒಂದಂಗುಲ ಮೆದುವಾಗಿ ಹೆಜ್ಜೆ ಚೆನ್ನಾಗಿ ಕಚ್ಚುತ್ತದೆ. ನಡಿಗೆಗೆ ಇದೇ ಶ್ರೇಷ್ಠ ವೇಳೆ. ಹನ್ನೊಂದು ಹನ್ನೆರಡರ ನಂತರ ಹಿಮ ಸಡಿಲಾಗಿ ಪ್ರತಿ ಹೆಜ್ಜೆಗೂ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಬೆಳಿಗ್ಗೆ ಒಂದು ಗಂಟೆಯಲ್ಲಿ ದಾಟಿದ ದಾರಿಗೆ ಮಧ್ಯಾಹ್ನ ಮೂರು ಗಂಟೆ ಬೇಕಾದೀತು. ಸಾಕ್ಸ್ ಒದ್ದೆಯಾಗುತ್ತದೆ, ಪ್ಯಾಂಟು ಒದ್ದೆಯಾಗುತ್ತದೆ, ಶಕ್ತಿ ಸೋರಿಹೋಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಮೋಡ ಕವಿದ ರಾತ್ರಿ ಡೇರೆಯೊಳಗೆ ಬೆಚ್ಚಗಿದ್ದು ಮಲಗಿದವನಿಗೆ ಹಿತವೆನಿಸುತ್ತದೆ. ಆದರೆ ಮೋಡವು ನೆಲದ ಶಾಖವನ್ನು ಮರಳಿಸುವುದರಿಂದ ಅಂಥ ರಾತ್ರಿ ಹಿಮ ಹೆಪ್ಪುಗಟ್ಟುವುದಿಲ್ಲ. ಬೆಳಿಗ್ಗೆ ಎದ್ದು ಬೂಟಿನ ಹಿಮ್ಮಡಿಯಿಂದ ಒಮ್ಮೆ ತುಳಿದು ನೋಡಬೇಕು. ಕಾಲು ಸಲೀಸಾಗಿ ಒಳಗಿಳಿದರೆ ಆ ದಿನ ಇಳಿಜಾರುಗಳನ್ನು ದಾಟುವ ಯೋಚನೆ ಬಿಡುವುದೇ ಲೇಸು. ಹಿಮಪಾತಗಳು ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಓರೆಯ ಇಳುಕಲುಗಳಲ್ಲಿ. ನೀರು ಕುಡಿದ ಹಿಮ ಅದಕ್ಕೆ ಸದಾ ಸಿದ್ಧ. ಕೇದಾರದ ದಾರಿಯಲ್ಲಿಯೇ ಭೈರವ ಗದೇರಾ, ಕುಬೇರ ಗದೇರಾ ಎಂಬ ಎರಡು ಕಮರಿಗಳಿವೆ. ಮೇಲಿನ ಹಿಮ ಅಲ್ಲಿಗೇ ಜಾರಿ ಬಂದು ಕುಳಿತುಕೊಳ್ಳುತ್ತದೆ. ಬಾಗಿಲು ತೆರೆಯುವ ಮುನ್ನ ಕಾರ್ಮಿಕರು ಆ ಹಿಮವನ್ನು ಕಡಿದು ನಡುವೆ ಓಣಿ ಮಾಡುತ್ತಾರೆ. ಎರಡೂ ಪಕ್ಕ ಎದ್ದು ನಿಂತ ಬಿಳಿಯ ಗೋಡೆಗಳ ನಡುವೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ನಿಲ್ಲಬಾರದ ಜಾಗ ಅದೇ.

ಹಿಮದ ಕೆಳಗೆ ತೊರೆಗಳಿರುತ್ತವೆ. ಹರಿಯುವ ನೀರು ಅಡಿಯಿಂದ ಕರಗಿಸುತ್ತ ಬಂದು ಮೇಲೆ ಒಂದು ಕಮಾನು ಮಾತ್ರ ಉಳಿದಿರುತ್ತದೆ. ನೋಡಲು ಗಟ್ಟಿ ನೆಲದಂತೆಯೇ ಕಾಣುತ್ತದೆ. ನೀರಿನ ಸದ್ದು ಕೇಳಿಸಿದಲ್ಲಿ, ಹಿಮ ನಡುವೆ ತಗ್ಗಿದಲ್ಲಿ, ಬಣ್ಣ ಬೂದಿಯಾದಲ್ಲಿ ಕಾಲಿಡಬಾರದು. ದೊಡ್ಡ ಬಂಡೆಗಳ ಅಂಚಿನಲ್ಲಿಯೂ ಹಾಗೆಯೇ: ಬಿಸಿಲಿಗೆ ಬಂಡೆ ಕಾದು ಸುತ್ತಲಿನ ಹಿಮ ಒಳಗಿಂದ ಟೊಳ್ಳಾಗಿರುತ್ತದೆ. ತೆರೆದ ತೊರೆಗಳನ್ನೂ ಬೆಳಿಗ್ಗೆಯೇ ದಾಟಬೇಕು. ರಾತ್ರಿಯ ಚಳಿಗೆ ಕರಗುವಿಕೆ ನಿಂತು ಮುಂಜಾವಿನಲ್ಲಿ ನೀರು ಕಡಿಮೆಯಿರುತ್ತದೆ. ಮಧ್ಯಾಹ್ನ ಕರಗಿದ್ದು ಕೆಳಗೆ ಬಂದು ಸೇರಿದಾಗ, ಸಂಜೆಗೆ, ಅದೇ ತೊರೆ ಮನುಷ್ಯನನ್ನು ಉರುಳಿಸುವಷ್ಟಾಗುತ್ತದೆ. ಮಳೆ ಮತ್ತು ಹಿಮ ಕೂಡಿದರೆ ಏನಾಗುತ್ತದೆ ಎಂಬುದನ್ನು 2013ರ ಜೂನ್ 16 ಮತ್ತು 17ರಂದು ಕೇದಾರದಲ್ಲಿ ದೇಶವೇ ಕಂಡಿದೆ. ಎಡೆಬಿಡದ ಮಳೆಗೆ ಕರಗುವ ಹಿಮದ ನೀರೂ ಸೇರಿ ಮೇಲಿನ ಚೋರಾಬಾರಿ ಸರೋವರದ ಕಟ್ಟೆ ಒಡೆಯಿತು. ದಾರಿಯ ತಂಗುದಾಣವಾಗಿದ್ದ ರಾಮಬಾಡಾ ಹೇಳಹೆಸರಿಲ್ಲದಂತೆ ಕೊಚ್ಚಿಹೋಯಿತು.

ಮುಂಗಾರು ಗಡ್ವಾಲಿಗೆ ತಲುಪುವುದು ಸಾಮಾನ್ಯವಾಗಿ ಜೂನ್ ಮೂರನೆಯ ನಾಲ್ಕನೆಯ ವಾರದಲ್ಲಿ. ಅದಕ್ಕೆ ಮುಂಚಿನ ದಿನಗಳು ಒಣ ದಿನಗಳೆಂದು ತಿಳಿಯಬಾರದು. ಪಶ್ಚಿಮದಿಂದ ಬರುವ ಗಾಳಿಯ ಸುಳಿಗಳು ಮೇ ತಿಂಗಳಲ್ಲಿಯೂ ಹಿಮ ಸುರಿಸುತ್ತವೆ. ಅದಲ್ಲದೆ ಕೆಳಗಿನ ಬಯಲು ಕಾದಷ್ಟೂ ಬಿಸಿಗಾಳಿ ಕಣಿವೆಗಳ ಮೂಲಕ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಮೋಡವಾಗಿ ನಿಲ್ಲುತ್ತದೆ. ಗುಡುಗು, ಆಲಿಕಲ್ಲು, ಹಿಮ ಒಂದರ ಹಿಂದೊಂದು ಬರುತ್ತವೆ. ಹತ್ತು ಗಂಟೆಗೆ ನೀಲಿಯಾಗಿದ್ದ ಆಕಾಶ ಎರಡು ಗಂಟೆಗೆ ಏನಾಗಿರುವುದೆಂದು ಯಾರೂ ಭರವಸೆ ಕೊಡಲಾರರು. ಆದ್ದರಿಂದ ಪರ್ವತ ಬಲ್ಲವರು ಎರಡು ವೇಳೆಗಳನ್ನು ಮೊದಲೇ ನಿಗದಿ ಮಾಡಿಕೊಳ್ಳುತ್ತಾರೆ: ಕತ್ತಲಿರುವಾಗಲೇ ಹೊರಡುವ ವೇಳೆ ಮತ್ತು ಗುರಿ ಮುಟ್ಟಲಿ ಬಿಡಲಿ, ಹಿಂದಿರುಗುವ ವೇಳೆ. ಎರಡನೆಯದೇ ಮುಖ್ಯ. ಸರೋವರ ಇನ್ನು ಅರ್ಧ ಗಂಟೆಯ ದೂರದಲ್ಲಿದೆ ಎಂದು ಕಂಡರೂ ಹನ್ನೊಂದು ಎಂದು ನಿಶ್ಚಯಿಸಿದ್ದರೆ ಹನ್ನೊಂದಕ್ಕೆ ತಿರುಗಬೇಕು.

ಬಿರುಗಾಳಿಯಲ್ಲಿ ಸಿಕ್ಕವರ ಪ್ರಾಣ ತೆಗೆಯುವುದು ಬಹುಮಟ್ಟಿಗೆ ದೇಹದ ಶಾಖ ಕುಸಿಯುವಿಕೆ. ನಮ್ಮ ಒಳಮೈಯ ಉಷ್ಣತೆ 37 ಡಿಗ್ರಿಯ ಸುತ್ತ ಇರುತ್ತದೆ; ಅದು 35ಕ್ಕಿಂತ ಕೆಳಗಿಳಿದರೆ ಅಪಾಯ ಮೊದಲಾಯಿತು. ಮೊದಲು ನಡುಕ ಬರುತ್ತದೆ. ನಂತರ ಮಾತು ತೊದಲುತ್ತದೆ, ಕಾಲು ಮುಗ್ಗರಿಸುತ್ತದೆ, ಕೈಯಲ್ಲಿ ಹಿಡಿದ ವಸ್ತು ಜಾರುತ್ತದೆ, ಶಾಂತ ಸ್ವಭಾವದವರೂ ಕಾರಣವಿಲ್ಲದೆ ಸಿಡುಕುತ್ತಾರೆ. ಇವುಗಳನ್ನು ಆಯಾಸವೆಂದು ಭಾವಿಸುವುದೇ ವಾಡಿಕೆ. ಮುಂದೆ ನಡುಕ ನಿಂತುಹೋಗುತ್ತದೆ. ಜೊತೆಯವರು ‘ಈಗ ಸುಧಾರಿಸಿದರು’ ಎಂದುಕೊಳ್ಳುತ್ತಾರೆ; ವಾಸ್ತವವಾಗಿ ದೇಹ ಶಾಖ ಹುಟ್ಟಿಸುವ ಪ್ರಯತ್ನವನ್ನೇ ಕೈಬಿಟ್ಟಿರುತ್ತದೆ. ತಾನು ಈ ಸ್ಥಿತಿಯಲ್ಲಿದ್ದೇನೆ ಎಂಬುದು ಆ ವ್ಯಕ್ತಿಗೆ ತಿಳಿಯುವುದಿಲ್ಲ, ಏಕೆಂದರೆ ಮೊದಲು ಮಂಕಾಗುವುದು ವಿವೇಚನೆಯೇ. ಹೀಗಾಗಿ ಒಬ್ಬರನ್ನೊಬ್ಬರು ಮಾತನಾಡಿಸುತ್ತ, ಗಮನಿಸುತ್ತ ಇರಬೇಕು. ಲಕ್ಷಣ ಕಂಡ ಕೂಡಲೇ ಗಾಳಿಯ ಮರೆಗೆ ಕರೆತಂದು, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ತೊಡಿಸಿ, ಕೆಳಗೊಂದು ಹಾಸು ಹಾಕಿ, ಎದೆ ಮತ್ತು ಕತ್ತಿನ ಭಾಗವನ್ನು ಬೆಚ್ಚಗೆ ಮಾಡಬೇಕು. ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ ಸಕ್ಕರೆ ಹಾಕಿದ ಬಿಸಿ ಪಾನೀಯ ಕೊಡಬಹುದು. ಕೈಕಾಲು ತಿಕ್ಕುವುದು ನಮ್ಮ ಹಿರಿಯರ ರೂಢಿ. ಇಲ್ಲಿ ಅದು ಕೂಡದು. ಕೈಕಾಲುಗಳ ತಣ್ಣನೆಯ ರಕ್ತ ಒಮ್ಮೆಗೇ ಹೃದಯಕ್ಕೆ ನುಗ್ಗಿ ಕೇಡಾಗುತ್ತದೆ. ಚಳಿಗೆ ಒಂದು ಗುಟುಕು ಮದ್ಯ ಒಳ್ಳೆಯದೆಂಬ ಮಾತು ಶುದ್ಧ ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ.

ಇನ್ನು ಎತ್ತರದ ಬಾಧೆ. 3,500 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೆಯ ಎರಡು ಭಾಗದಷ್ಟು ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಾಮಾನ್ಯ ಸೂತ್ರ. ಇದನ್ನು ಓದುವಾಗ ನನಗೆ ಕೇದಾರನಾಥನ ಪಂಚಮುಖೀ ಡೋಲಿ ನೆನಪಾಗುತ್ತದೆ. ಚಳಿಗಾಲವೆಲ್ಲ ಊಖೀಮಠದಲ್ಲಿ ಪೂಜೆಗೊಳ್ಳುವ ಉತ್ಸವಮೂರ್ತಿ ಬಾಗಿಲು ತೆರೆಯುವ ಮುನ್ನ ಡೋಲಿಯಲ್ಲಿ ಹೊರಟು ಗುಪ್ತಕಾಶಿ, ಫಾಟಾ, ಗೌರೀಕುಂಡಗಳಲ್ಲಿ ರಾತ್ರಿ ತಂಗುತ್ತ, ದಿನಕ್ಕಿಷ್ಟು ಎಂದು ಕಾಲ್ನಡಿಗೆಯಲ್ಲೇ ಮೇಲಕ್ಕೆ ಸಾಗುತ್ತದೆ. ಹಿರಿಯರು ಇದನ್ನು ಆರೋಗ್ಯದ ದೃಷ್ಟಿಯಿಂದಲೇ ಮಾಡಿದರೆಂದು ನಾನು ವಾದಿಸುವುದಿಲ್ಲ. ಆದರೆ ದೇವರೇ ಇಷ್ಟು ನಿಧಾನವಾಗಿ ಏರುವ ಬೆಟ್ಟವನ್ನು, ಬೆಂಗಳೂರಿನಿಂದ ಹೊರಟ ಮೂರನೆಯ ದಿನಕ್ಕೆ ಮುಟ್ಟಿಬಿಡುವ ಅವಸರ ಭಕ್ತನಿಗೇಕೆ? ಹೆಲಿಕಾಪ್ಟರಿನಲ್ಲಿ ಹೋಗುವವರು ಕೆಲವೇ ನಿಮಿಷಗಳಲ್ಲಿ ಅಷ್ಟು ಎತ್ತರಕ್ಕೆ ಬಂದು ಇಳಿಯುತ್ತಾರೆ. ಕಾಲಿಗೆ ಶ್ರಮವಿಲ್ಲ ನಿಜ, ಶ್ವಾಸಕೋಶಕ್ಕೂ ಮಿದುಳಿಗೂ ಮಾತ್ರ ಯಾವ ಮುನ್ಸೂಚನೆಯೂ ಇರುವುದಿಲ್ಲ. ಗುಪ್ತಕಾಶಿಯ ಕಡೆ ಒಂದು ರಾತ್ರಿ, ಗೌರೀಕುಂಡದಲ್ಲಿ ಒಂದು ರಾತ್ರಿ ತಂಗಿ, ವಯಸ್ಸಾದವರಾದರೆ ದಾರಿಯ ಲಿಂಚೋಲಿಯಲ್ಲಿ ಇನ್ನೊಂದು ರಾತ್ರಿ ಕಳೆದು ಏರುವುದು ಉಚಿತ. ಗೌರೀಕುಂಡದಿಂದ ಸನ್ನಿಧಿಗೆ 1,600 ಮೀಟರ್ ಏರಿಕೆಯಿದೆ. ಅದು ಒಂದೇ ದಿನಕ್ಕೆ ಸಣ್ಣ ಸಂಗತಿಯಲ್ಲ.

ತಲೆನೋವು, ಓಕರಿಕೆ, ನಿದ್ರೆ ಬಾರದಿರುವುದು ಆರಂಭದ ಲಕ್ಷಣಗಳು. ಇವು ಕಂಡಾಗ ಅಲ್ಲಿಯೇ ನಿಲ್ಲಬೇಕು, ಮೇಲೇರಬಾರದು. ಸುಮ್ಮನೆ ಕುಳಿತಾಗಲೂ ಏದುಸಿರು, ನೊರೆ ಬರುವ ಕೆಮ್ಮು, ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲಾಗದಿರುವುದು, ಇವು ಶ್ವಾಸಕೋಶ ಅಥವಾ ಮಿದುಳಿನಲ್ಲಿ ನೀರು ತುಂಬುತ್ತಿರುವ ಸೂಚನೆಗಳು. ಆಗ ಬೆಳಗಾಗಲಿ ಎಂದು ಕಾಯಬಾರದು. ರಾತ್ರಿಯಾದರೂ ಸರಿ, ಸಾಧ್ಯವಿದ್ದಷ್ಟು ಬೇಗ ಕೆಳಕ್ಕೆ ಇಳಿಸಬೇಕು. ಇಳಿಯುವಿಕೆಯೇ ಮೊದಲ ಔಷಧ. ಡೈಮಾಕ್ಸ್ ಮಾತ್ರೆಯ ಹೆಸರು ಎಲ್ಲರ ಬಾಯಲ್ಲಿದೆ. ಅದು ಹೊಂದಿಕೊಳ್ಳಲು ನೆರವಾಗುತ್ತದೆ, ಆದರೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳುವ ವಸ್ತುವಲ್ಲ. ಹೃದ್ರೋಗ, ಉಬ್ಬಸ, ರಕ್ತದೊತ್ತಡ ಉಳ್ಳವರು ಹೊರಡುವ ತಿಂಗಳ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದನ್ನು ಹೇಳಬೇಕಾಗಿಲ್ಲ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ ಒಂದು ಮಾತಿದೆ. ಇಷ್ಟಲಿಂಗ ಪೂಜೆಯಾಗದೆ ಆಹಾರ ಮುಟ್ಟದ ನಿಯಮವುಳ್ಳವರು ಅನೇಕರು; ಸೋಮವಾರ ಒಪ್ಪತ್ತು ಇರುವವರೂ ಉಂಟು. ಚಳಿಯಲ್ಲಿ ದೇಹ ಶಾಖ ಹುಟ್ಟಿಸುವುದು ಅನ್ನದಿಂದಲೇ. ಆದುದರಿಂದ ಬೆಳಗಿನ ನಾಲ್ಕಕ್ಕೇ ಪೂಜೆ ಮುಗಿಸಿ ಪ್ರಸಾದ ಸ್ವೀಕರಿಸಿ ಹೊರಡಬೇಕೇ ಹೊರತು ಬರಿಹೊಟ್ಟೆಯಲ್ಲಿ ಹಿಮ ತುಳಿಯಬಾರದು. ಬೆಲ್ಲ, ಶೇಂಗಾ, ಒಣದ್ರಾಕ್ಷಿ ಜೇಬಿನಲ್ಲಿಯೇ ಇರಲಿ. ಬಾಯಾರಿಕೆ ಅಲ್ಲಿ ತಿಳಿಯುವುದಿಲ್ಲ, ಆದರೂ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಕುಡಿಯಬೇಕು. ಹಿಮವನ್ನೇ ಬಾಯಿಗೆ ಹಾಕಿಕೊಳ್ಳುವುದು ಒಳಮೈಯನ್ನು ತಣ್ಣಗಾಗಿಸುವ ಅಡ್ಡದಾರಿ.

ಬೆನ್ನುಚೀಲದ ತೂಕ ಹೊರುವವನ ತೂಕದ ಐದನೆಯ ಒಂದು ಭಾಗವನ್ನು ಮೀರದಿದ್ದರೆ ಒಳ್ಳೆಯದು. ಭಾರ ಹೊರಬೇಕಾದ್ದು ಹೆಗಲಲ್ಲ, ಸೊಂಟ. ಆದುದರಿಂದ ಸೊಂಟದ ಪಟ್ಟಿ ಬಿಗಿಯಾಗಿರಲಿ. ಭಾರದ ವಸ್ತುಗಳು ಬೆನ್ನಿಗೆ ಒತ್ತಿಕೊಂಡಿರಲಿ. ಚೀಲದೊಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಬಟ್ಟೆಗಳನ್ನಿಟ್ಟರೆ ಎಂಥ ಮಳೆಗೂ ಒಂದು ಜೊತೆ ಒಣ ಬಟ್ಟೆ ಉಳಿಯುತ್ತದೆ. ಆ ಒಂದು ಜೊತೆಯೇ ಪ್ರಾಣ ಉಳಿಸುವಂಥದು. ಹತ್ತಿಯ ಬನಿಯನ್, ಜೀನ್ಸ್ ಇವನ್ನು ಮನೆಯಲ್ಲಿಯೇ ಬಿಡಬೇಕು. ನಮ್ಮ ಸೆಕೆಗೆ ಹತ್ತಿಯಂಥ ಬಟ್ಟೆ ಇಲ್ಲ. ಆದರೆ ಅದು ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗುವುದಿಲ್ಲ. ಮೈಗೆ ತಾಗುವಂತೆ ತೆಳುವಾದ ಉಣ್ಣೆ ಅಥವಾ ಬೇಗ ಒಣಗುವ ಕೃತಕ ನೂಲಿನ ಅಂಗಿ, ಅದರ ಮೇಲೆ ಬೆಚ್ಚನೆಯದು, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಕೋಟು, ಹೀಗೆ ಮೂರು ಪದರ ಸಾಕು. ಕೇದಾರದ ದಾರಿಯಲ್ಲಿ ಚೀಲವನ್ನು ಹೇಸರಗತ್ತೆಯ ಮೇಲೆ ಹೇರಿ ಕಳಿಸಿ ತಾವು ಬರಿಗೈಯಲ್ಲಿ ನಡೆಯುವವರು ಬಹಳ. ಪ್ರಾಣಿ ಮುಂದೆ ಹೋಗಿರುತ್ತದೆ, ಮಳೆ ಇಲ್ಲಿ ಸುರಿಯುತ್ತದೆ, ಮಳೆಕೋಟು ಎರಡು ಕಿ.ಮೀ. ದೂರದ ಚೀಲದಲ್ಲಿರುತ್ತದೆ. ಭಾರವನ್ನು ಬೇಕಾದರೆ ಕಳಿಸಿ. ಮಳೆಕೋಟು, ಉಣ್ಣೆಯ ಟೋಪಿ, ಕೈಚೀಲ, ಔಷಧ, ತಿನಿಸು ಇವಿಷ್ಟು ಇರುವ ಸಣ್ಣ ಚೀಲ ನಿಮ್ಮ ಬೆನ್ನಿನ ಮೇಲೆಯೇ ಇರಲಿ. ಕಪ್ಪು ಕನ್ನಡಕವನ್ನು ಶೋಕಿ ಎಂದು ತಿಳಿಯದಿರಿ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 80ಕ್ಕೂ ಹೆಚ್ಚು ಪಾಲನ್ನು ಮರಳಿ ಎಸೆಯುತ್ತದೆ. ಕಣ್ಣಿಗೆ ಮರಳು ತುಂಬಿದಂಥ ಉರಿ ಸಂಜೆಗೆ ಬರುತ್ತದೆ, ಮರುದಿನ ಕಣ್ಣು ಬಿಡಲಾಗುವುದಿಲ್ಲ.

ಹಿಂದಿರುಗುವ ವಿಷಯಕ್ಕೆ ಮತ್ತೊಮ್ಮೆ ಬರುತ್ತೇನೆ. ‘ಸಂಕಲ್ಪ ಮಾಡಿ ಹೊರಟ ಮೇಲೆ ಅರ್ಧಕ್ಕೆ ಮರಳುವುದು ಹೇಗೆ? ಅದು ಭಕ್ತಿಯ ಕೊರತೆಯಲ್ಲವೇ?’ ಎಂದು ಕೇಳುವ ಹಿರಿಯರಿದ್ದಾರೆ. ತರುಣರು ಇದೇ ಮಾತನ್ನು ಬೇರೆ ರೀತಿಯಲ್ಲಿ ಆಡುತ್ತಾರೆ: ಇಷ್ಟು ಹಣ ಕಟ್ಟಿದ್ದೇವೆ, ರಜೆ ಮತ್ತೆ ಸಿಗುವುದಿಲ್ಲ. ಕೇದಾರದ ಪದ್ಧತಿಯನ್ನೇ ನೋಡಿದರೆ ಉತ್ತರ ದೊರೆಯುತ್ತದೆ. ದೀಪಾವಳಿ ಕಳೆದು ಯಮದ್ವಿತೀಯೆ ಬಂತೆಂದರೆ ಸನ್ನಿಧಿಯ ಬಾಗಿಲು ಮುಚ್ಚಿ ಉತ್ಸವಮೂರ್ತಿಯನ್ನು ಕೆಳಗಿಳಿಸಿ ಊಖೀಮಠಕ್ಕೆ ತರುತ್ತಾರೆ. ಹಿಮಕ್ಕೆ ಅಲ್ಲಿ ಜಾಗ ಬಿಟ್ಟುಕೊಡುತ್ತಾರೆ. ಪೂಜೆ ನಿಲ್ಲುವುದಿಲ್ಲ, ಜಾಗ ಬದಲಾಗುತ್ತದೆ. ಶತಮಾನಗಳಿಂದ ಅಲ್ಲಿಯೇ ಬಾಳಿದವರು ವರ್ಷಕ್ಕೊಮ್ಮೆ ಮರಳುವುದನ್ನು ಸಂಪ್ರದಾಯವಾಗಿಯೇ ಇಟ್ಟುಕೊಂಡಿರುವಾಗ, ನಾಲ್ಕು ದಿನದ ಅತಿಥಿಗಳು ಹಿಂದಿರುಗಲು ನಾಚುವುದರಲ್ಲಿ ಅರ್ಥವಿಲ್ಲ. ದಾರಿ ತೋರುವ ಸ್ಥಳೀಯನು ‘ಇಂದು ಬೇಡ’ ಎಂದರೆ ಅವನೊಡನೆ ವಾದಿಸಬಾರದು. ಅವನಿಗೆ ಹೆಚ್ಚು ಹಣದ ಆಸೆ ತೋರಿಸುವುದಂತೂ ಪಾಪವೇ ಸರಿ.

ಕೊನೆಯದಾಗಿ ಮನೆಯಲ್ಲಿ ಉಳಿಯುವವರಿಗೆ. ಎತ್ತರದ ಕಣಿವೆಗಳಲ್ಲಿ ಮೊಬೈಲ್ ಸಂಪರ್ಕವಿರುವುದಿಲ್ಲ. ಉಪಗ್ರಹ ದೂರವಾಣಿಯನ್ನು ಪರವಾನಗಿಯಿಲ್ಲದೆ ಬಳಸುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಸಹಸ್ತ್ರತಾಲಿನ ಸುದ್ದಿಯೂ ಹೊರಜಗತ್ತಿಗೆ ಮುಟ್ಟಿದ್ದು ಮರುದಿನ. ಆದುದರಿಂದ ಹೊರಡುವ ಮಕ್ಕಳಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ ಊರಿನಿಂದ ನಡಿಗೆ ಆರಂಭ, ಪ್ರತಿ ರಾತ್ರಿಯ ತಂಗುದಾಣ ಯಾವುದು, ಜೊತೆಗಿರುವವರು ಮತ್ತು ದಾರಿ ತೋರುವವನ ಹೆಸರು ಹಾಗೂ ದೂರವಾಣಿ, ಎಲ್ಲರ ರಕ್ತದ ಗುಂಪು, ಮರಳಿ ರಸ್ತೆಗೆ ಬರುವ ದಿನ ಮತ್ತು ಹೊತ್ತು, ಆ ಹೊತ್ತು ಮೀರಿ ಎಷ್ಟು ಗಂಟೆ ಕಾದ ಮೇಲೆ ಪೊಲೀಸರಿಗೆ ತಿಳಿಸಬೇಕು. ಅದರ ಒಂದು ಪ್ರತಿ ನಡಿಗೆ ಆರಂಭವಾಗುವ ಊರಿನ ಠಾಣೆಯಲ್ಲಿ ಅಥವಾ ಅರಣ್ಯ ಕಚೇರಿಯಲ್ಲಿರಲಿ, ಇನ್ನೊಂದು ಮನೆಯ ದೇವರಕೋಣೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿರಲಿ.